ರಕ್ತದ ಚೀಲದಿಂದ ಜಾರಿದ ರಾಸಾಯನಿಕ

ರೋಗಿಗೆ ಡ್ರಿಪ್ ಹಾಕಿದರೆ ನಮ್ಮ ಜನ ‘ಬಾಟಲಿ ಏರಿಸಿದ್ದಾರೆ’ ಎನ್ನುತ್ತಾರೆ. ಗಾಜಿನ ಬಾಟಲಿ ಬಹುತೇಕ ಮರೆಯಾದರೂ ಮಾತು ಉಳಿದಿದೆ.

ಗಾಜಿನ ತೊಂದರೆಗಳು ಸಣ್ಣವಲ್ಲ. ಸಾಗಿಸುವಾಗ ಒಡೆಯುತ್ತಿತ್ತು. ದ್ರವ ಕೆಳಗಿಳಿಯಲು ಬಾಟಲಿಯೊಳಗೆ ಗಾಳಿ ಹೋಗಬೇಕಿತ್ತು. ಆ ಗಾಳಿ ರಕ್ತನಾಳ ಸೇರಿದರೆ ಪ್ರಾಣಕ್ಕೇ ಅಪಾಯ. 1950ರ ಸುಮಾರಿಗೆ ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ಕಾರ್ಲ್ ವಾಲ್ಟರ್ ಮತ್ತು ಕಿರಿಯ ವಿಲಿಯಂ ಮರ್ಫಿ ರಕ್ತ ಸಂಗ್ರಹಕ್ಕೆ ಪ್ಲಾಸ್ಟಿಕ್ ಚೀಲ ರೂಪಿಸಿದರು. ಅದು ಬಿದ್ದರೂ ಒಡೆಯದು, ದ್ರವ ಇಳಿದಂತೆ ತಾನೇ ಮುದುಡಿಕೊಳ್ಳುತ್ತದೆ. ಮುಂದೆ ಸಲೈನ್, ಔಷಧಗಳಿಗೂ ಇಂಥ ಚೀಲಗಳೇ ಬಂದವು.

ಚೀಲಕ್ಕೆ ಬಳಸಿದ ಪಿವಿಸಿ ಸ್ವಭಾವತಃ ಗಡಸು. ಮನೆಯ ನೀರಿನ ಪೈಪು ಅದರದೇ. ಬಳುಕುವಂತೆ ಮಾಡಲು ಡಿಇಎಚ್‌ಪಿ ಎಂಬ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಚೀಲದ ತೂಕದಲ್ಲಿ ಸುಮಾರು ಶೇ 30ರಿಂದ 40ರಷ್ಟು ಅದೇ. ಆದರೆ ಅದು ಪ್ಲಾಸ್ಟಿಕ್ಕಿನೊಳಗೆ ಬಿಡಿಯಾಗಿಯೇ ಇರುತ್ತದೆ. ನೀರಿಗೆ ಹೆಚ್ಚು ಇಳಿಯದು. ಕೊಬ್ಬಿನಂಶ ಸಿಕ್ಕಿದರೆ ಹೊರಬರುತ್ತದೆ. ರಕ್ತದಲ್ಲಿ ಕೊಬ್ಬಿಗೇನು ಕೊರತೆ?

ಇದನ್ನು 1970ರಲ್ಲಿ ಬಯಲಿಗೆ ತಂದವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಗರ್ ಮತ್ತು ರೂಬಿನ್. ಇಲಿಯ ಯಕೃತ್ತಿಗೆ ಪ್ಲಾಸ್ಟಿಕ್ ಕೊಳವೆಯ ಮೂಲಕ ರಕ್ತ ಹರಿಸುತ್ತಿದ್ದಾಗ, ಕೊಳವೆಯದೇ ಪದಾರ್ಥ ಯಕೃತ್ತಿನಲ್ಲಿ ಸಿಕ್ಕಿತು. 1972ರ ವರದಿಯ ಹೊತ್ತಿಗೆ, ರಕ್ತ ಪಡೆದಿದ್ದ ರೋಗಿಗಳ ಅಂಗಾಂಶಗಳಲ್ಲೂ ಅದು ಪತ್ತೆಯಾಗಿತ್ತು.

ಹಾಗಾದರೆ ಚೀಲವನ್ನೇಕೆ ಬಿಡಲಿಲ್ಲ? ವಿಚಿತ್ರವೆಂದರೆ, ಸೋರಿದ ಡಿಇಎಚ್‌ಪಿ ಕೆಂಪು ರಕ್ತಕಣಗಳ ಪೊರೆಯಲ್ಲಿ ಸೇರಿಕೊಂಡು ಅವು ಬೇಗ ಒಡೆಯದಂತೆ ಕಾಯುತ್ತದೆ. ಸಂರಕ್ಷಕ ದ್ರಾವಣದ ಜೊತೆಗೆ ರಕ್ತಕಣಗಳನ್ನು 42 ದಿನ ಇಡುವ ಇಂದಿನ ಪದ್ಧತಿಯಲ್ಲಿ ಅದರ ಪಾಲೂ ಇದೆ. ಕಳ್ಳನೇ ಕಾವಲುಗಾರನಾದ ಪ್ರಸಂಗವಿದು.

ಔಷಧಗಳಲ್ಲಿ ಅಂಥ ಉಪಕಾರವೇನೂ ಇಲ್ಲ. 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ನೀರಿನಲ್ಲಿ ಕರಗದು. ಅದನ್ನು ಕರಗಿಸಲು ಬಳಸುವ ಹರಳೆಣ್ಣೆ ಮೂಲದ ದ್ರಾವಕ ಪಿವಿಸಿಯಿಂದ ಡಿಇಎಚ್‌ಪಿಯನ್ನು ಎಳೆದುಕೊಳ್ಳುತ್ತದೆ. ಹೀಗಾಗಿ ಅದಕ್ಕೆ ಗಾಜು ಅಥವಾ ಬೇರೆ ಜಾತಿಯ ಪ್ಲಾಸ್ಟಿಕ್ ಬೇಕು.

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ರಾಸಾಯನಿಕ ಎಳೆಯ ಗಂಡುಮರಿಗಳ ವೃಷಣಗಳಿಗೆ ಹಾನಿ ಮಾಡಿತ್ತು. ತೀವ್ರನಿಗಾ ಘಟಕದ ಹಸುಗೂಸಿಗೆ ರಕ್ತ, ಆಹಾರ, ಔಷಧ ಎಲ್ಲವೂ ಕೊಳವೆಯಲ್ಲೇ. ದೇಹದ ತೂಕಕ್ಕೆ ಹೋಲಿಸಿದರೆ ಅದಕ್ಕೆ ಸೇರುವ ಪಾಲೂ ಹೆಚ್ಚು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗಂಡು ಶಿಶುಗಳಿಗೆ ಸಾಧ್ಯವಾದಲ್ಲಿ ಬದಲಿ ಸಾಧನ ಬಳಸಲು ಸೂಚಿಸಿತು. ಆದರೆ ಈ ಭಯದಿಂದ ಅಗತ್ಯ ಚಿಕಿತ್ಸೆಯನ್ನೇ ಬಿಡಬಾರದು ಎಂದೂ ಹೇಳಿತು.

ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ತಂದಿದೆ. ಡಿಇಎಚ್‌ಪಿ ಬೆರೆಸಿದ ಡ್ರಿಪ್ ಚೀಲಗಳಿಗೆ 2030ರಿಂದ, ಕೊಳವೆಗಳಿಗೆ 2035ರಿಂದ ಅಲ್ಲಿ ನಿಷೇಧ. ರಕ್ತದ ಚೀಲಕ್ಕೆ ಮಾತ್ರ ವಿನಾಯಿತಿ.