ಮಳೆ ಮುಂಚೆ ಬಂದ ವರ್ಷದ ಬಿತ್ತನೆ

ಯುಗಾದಿಗೆ ಹೊನ್ನಾರು ಕಟ್ಟಿದ ಮೇಲೆ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಪ್ರತಿವರ್ಷ ಏಳುವ ಪ್ರಶ್ನೆ ಒಂದೇ: ಮೊದಲ ಹದಮಳೆಗೇ ಬಿತ್ತಬೇಕೇ, ಕಾಯಬೇಕೇ? ಏಪ್ರಿಲ್‌ನಲ್ಲೇ ಮಳೆ ಸುರಿದ ವರ್ಷ ಇದು ಇನ್ನಷ್ಟು ಕಠಿಣವಾಗುತ್ತದೆ. ಮೊಳಕೆ ಒಣಗಿದರೆ ಬೀಜ, ಗೊಬ್ಬರ, ಕೂಲಿ ಎಲ್ಲವೂ ಹೋಗಿ ಸಾಲ ಮಾತ್ರ ಉಳಿಯುತ್ತದೆ.

ಹಿರಿಯರ ಲೆಕ್ಕ ನಕ್ಷತ್ರಗಳದ್ದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುವುದನ್ನು ಹಿಡಿದು ಮಳೆಗಳಿಗೆ ಹೆಸರಿಟ್ಟರು. ಅಶ್ವಿನಿ ಏಪ್ರಿಲ್ ಮಧ್ಯದಲ್ಲಿ, ಭರಣಿ ಆ ತಿಂಗಳ ಕೊನೆಯಲ್ಲಿ, ರೋಹಿಣಿ ಮೇ 25ರ ಸುಮಾರಿಗೆ ಆರಂಭ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ಮುಂಚಿನ ಮಳೆಯನ್ನು ಹೊಗಳಿದರೆ, ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎಂಬುದು ಜೋಳಕ್ಕೆ ಬೇರೆಯೇ ಕಾಲ ಹೇಳುತ್ತದೆ. ಈ ಪಂಚಾಂಗವೂ ನಿಂತಲ್ಲೇ ನಿಂತಿಲ್ಲ. ಅಯನಚಲನೆಯಿಂದಾಗಿ ನಕ್ಷತ್ರಗಳ ಕಾಲ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಋತುವಿಗಿಂತ ಹಿಂದೆ ಬೀಳುತ್ತಿದೆ.

ಈ ಸೀಮೆಯ ಮಳೆಗೆ ಎರಡು ಏರುಗಳಿವೆ. ಮೇ ತಿಂಗಳಲ್ಲಿ ಒಂದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು. ಘಟ್ಟದ ಮರೆಯಲ್ಲಿರುವುದರಿಂದ ಜೂನ್, ಜುಲೈಗಳಲ್ಲಿ ಮಳೆ ತಗ್ಗುತ್ತದೆ. ಮುಂಚಿನ ಮಳೆಯ ಮೋಸ ಇರುವುದು ಇಲ್ಲಿಯೇ. ಆದ್ದರಿಂದಲೇ ಹೆಸರು, ಉದ್ದು, ಅಲಸಂದೆ, ಎಳ್ಳಿನಂಥ ಅಲ್ಪಾವಧಿ ಬೆಳೆಗಳನ್ನು ಮೊದಲ ಮಳೆಗೆ ಬಿತ್ತಿ, ರಾಗಿಯನ್ನು ಮುಂದಿನ ಮಳೆಗೆ ಉಳಿಸಿಕೊಳ್ಳುವ ಪದ್ಧತಿ ಬೆಳೆಯಿತು. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ ಎಂಬ ಎಚ್ಚರ ಅದು.

ಎರಡೂ ಕೈಕೊಟ್ಟರೆ ಏನಾಗುತ್ತದೆಂಬುದನ್ನು ಮೈಸೂರು ಸಂಸ್ಥಾನ 1876–78ರ ಧಾತು ಈಶ್ವರ ಕ್ಷಾಮದಲ್ಲಿ ಕಂಡಿತು. ಮೇಲಿಂದ ಮೇಲೆ ಮಳೆ ತಪ್ಪಿ ಸುಮಾರು ಹತ್ತು ಲಕ್ಷ ಜನ ಇಲ್ಲವಾದರು. ಸಂಸ್ಥಾನದ ಜನಸಂಖ್ಯೆಯ ಐದನೆಯ ಒಂದು ಪಾಲಿನಷ್ಟು.

ಗಾದೆಯ ಜೋಳ ಬಿಳಿಜೋಳ; ಇಂದು ಹೊಲಗಳಿಗೆ ಬಂದಿರುವ ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಹಳೆಯ ಗಾದೆಗಳಿಗೆ ಅದರ ಪರಿಚಯವಿಲ್ಲ. ಬಿತ್ತಿದ ಐವತ್ತು, ಅರವತ್ತು ದಿನಕ್ಕೆ ಸೂಲಂಗಿ ಬಿಡುವಾಗ ಅದಕ್ಕೆ ನೀರು ತಪ್ಪಬಾರದು. ಭರಣಿಗೆ ಬಿತ್ತಿದರೆ ಆ ಹಂತ ಮಳೆ ತಗ್ಗಿದ ಜೂನ್ ಕೊನೆಗೇ ಬಂದು ಬೀಳುತ್ತದೆ. ಎಳೆಯ ಪೈರಿಗೆ ನಿಂತ ನೀರೂ ಆಗದು.

ನಾಲೆಯ ಕೆಳಗಿನ ಗದ್ದೆಗಳ ಲೆಕ್ಕ ಬೇರೆ. ತಲಕಾಡಿನ ಮಾಧವಮಂತ್ರಿ ಅಣೆಕಟ್ಟೆ, ಹುಲ್ಲಹಳ್ಳಿ ಅಣೆಕಟ್ಟೆ, 1974ರಲ್ಲಿ ಮುಗಿದ ಕಬಿನಿ ಜಲಾಶಯ ಇವುಗಳ ಅಚ್ಚುಕಟ್ಟಿನಲ್ಲಿ ದಿನ ಗೊತ್ತುಮಾಡುವುದು ನಾಲೆಗೆ ನೀರು ಬಿಡುವ ತೀರ್ಮಾನ. ಕಬಿನಿ ತುಂಬಲು ವಯನಾಡಿನಲ್ಲಿ ಮುಂಗಾರು ಹಿಡಿಯಬೇಕು. ಮಳೆಯನ್ನೇ ನಂಬಿದ ಹೊಲದಲ್ಲಿ ಮಾತ್ರ ಇಂದಿಗೂ ಮಣ್ಣು ಅಗೆದು ತೇವ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಬೇಕು. ಬೇಗ ಆರುವ ಕೆಂಪು ಮಣ್ಣಿಗೆ ಒಂದು ಉತ್ತರ, ಹಸಿ ಹಿಡಿದಿಡುವ ಎರೆಮಣ್ಣಿಗೆ ಇನ್ನೊಂದು.