ಕಾಲುವೆ ಸುರಂಗಗಳು: ಮಲ್ಪಾದಿಂದ ರೋವ್‌ವರೆಗೆ

ಕಾಲುವೆಯ ನೀರು ಮಟ್ಟಸವಾಗಿ ನಿಲ್ಲಬೇಕು. ದಾರಿಗೆ ಬೆಟ್ಟ ಅಡ್ಡ ಬಂದರೆ ಸುತ್ತಿ ಹೋಗಬೇಕು, ಇಲ್ಲವೇ ಸಾಲು ಲಾಕ್‌ಗಳನ್ನು ಕಟ್ಟಿ ದೋಣಿಯನ್ನು ಹಂತಹಂತವಾಗಿ ಏರಿಸಿ ಇಳಿಸಬೇಕು. ಲಾಕ್‌ಗಳಿದ್ದರೆ ಬೆಟ್ಟದ ನೆತ್ತಿಯಲ್ಲಿ ನೀರಿನ ದಾಸ್ತಾನೂ ಬೇಕು. ದೋಣಿ ಹಾದಾಗಲೆಲ್ಲ ಅದರಲ್ಲೊಂದು ಪಾಲು ಕೆಳಕ್ಕೆ ಹರಿದುಹೋಗುತ್ತದೆ. ಇದಕ್ಕಿಂತ ಬೆಟ್ಟ ಕೊರೆಯುವುದೇ ಲೇಸು ಎನಿಸಿದಲ್ಲಿ ಸುರಂಗಗಳು ಹುಟ್ಟಿದವು. ಅವನ್ನು ಎಷ್ಟು ಅಗಲ ಕೊರೆಯಬೇಕೆಂಬುದು ಮುಖ್ಯವಾಗಿ ಒಳಗೆ ದೋಣಿಯನ್ನು ಹೇಗೆ ಸಾಗಿಸುತ್ತಾರೆ ಎಂಬುದನ್ನು ಅವಲಂಬಿಸಿತ್ತು. ಕಾಲುವೆ ಸುರಂಗದ ವಾಸ್ತುವಿನ ಇತಿಹಾಸ ಬಹುಪಾಲು ಈ ಅಗಲದ ಇತಿಹಾಸ.

ಸಂಚಾರಕ್ಕೆಂದೇ ಕೊರೆದ ಮೊದಲ ಕಾಲುವೆ ಸುರಂಗ ದಕ್ಷಿಣ ಫ್ರಾನ್ಸಿನ ಮಲ್ಪಾ. ಪಿಯೆರ್-ಪೌಲ್ ರಿಕೆ ಕಟ್ಟಿಸಿದ ಮಿದಿ ಕಾಲುವೆಯ ಮೇಲೆ, ಬೆಜಿಯೆ ನಗರದ ಸಮೀಪದ ಆಂಸೆರೂನ್ ಗುಡ್ಡದಡಿ 1679ರಲ್ಲಿ ಅದರ ಕೆಲಸ ನಡೆಯಿತು. ಉದ್ದ ಸುಮಾರು 165 ಮೀಟರ್ ಮಾತ್ರ. ಗುಡ್ಡದ್ದು ಉದುರುವ ಮರಳುಗಲ್ಲು. ಆದ್ದರಿಂದ ಚಾವಣಿಗೆ ಕಮಾನಿನ ಆಸರೆ ಬೇಕಾಯಿತು. ಅದೇ ಗುಡ್ಡದಡಿ ಮೊಂತಾದಿ ಜೌಗಿನ ನೀರು ಬಸಿಯಲು ಮಧ್ಯಯುಗದಲ್ಲೇ ತೋಡಿದ ಸುರಂಗವಿತ್ತು. ಮುಂದೆ ರೈಲು ಸುರಂಗವೂ ಬಂತು.

ಉದ್ದನೆಯ ಸುರಂಗಗಳ ಯುಗ ಆರಂಭವಾದದ್ದು ಇಂಗ್ಲೆಂಡಿನಲ್ಲಿ. ಟ್ರೆಂಟ್–ಮರ್ಸಿ ಕಾಲುವೆಗಾಗಿ ಜೇಮ್ಸ್ ಬ್ರಿಂಡ್ಲಿ 1766ರಲ್ಲಿ ಹೇರ್‌ಕ್ಯಾಸಲ್ ಗುಡ್ಡಕ್ಕೆ ಕೈಹಾಕಿದ. ಗುಡ್ಡದ ಮೇಲಿನಿಂದ ಸಾಲಾಗಿ ಬಾವಿಗಳನ್ನು ತೋಡಿ, ಪ್ರತಿ ಬಾವಿಯ ತಳದಿಂದ ಎರಡೂ ದಿಕ್ಕಿಗೆ ಕೊರೆಯುತ್ತ ಹೋಗುವುದು ಆಗಿನ ಪದ್ಧತಿ. ಬಾವಿಯೊಳಗೆ ಇಳಿಬಿಟ್ಟ ತೂಕದ ದಾರಗಳೇ ದಿಕ್ಕು ತೋರಬೇಕು. ಬಂಡೆ ಸಿಕ್ಕರೆ ಕರಿಮದ್ದು, ನೀರು ಉಕ್ಕಿದರೆ ಉಗಿಯಂತ್ರದ ಪಂಪು. ಬ್ರಿಂಡ್ಲಿ 1772ರಲ್ಲಿ ತೀರಿಕೊಂಡ. ಅವನ ಭಾವಮೈದುನ ಹ್ಯೂ ಹೆನ್‌ಶಾಲ್ 1777ರಲ್ಲಿ ಕೆಲಸ ಮುಗಿಸಿದ. ಉದ್ದ 2,633 ಮೀಟರ್, ಅಗಲ ಮೂರು ಮೀಟರಿಗೂ ಕಡಿಮೆ.

ಖರ್ಚು ಉಳಿಸಲು ಹೀಗೆ ಕಿರಿದಾಗಿ ಕೊರೆದದ್ದರಿಂದ ದೋಣಿ ಎಳೆಯುವ ಕುದುರೆ ನಡೆಯಲು ಜಾಗವಿರಲಿಲ್ಲ. ಸುರಂಗದ ಬಾಯಲ್ಲಿ ಕುದುರೆ ಬಿಚ್ಚಿ ಗುಡ್ಡದ ಮೇಲಿನ ಹಾದಿಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದರು. ಒಳಗೆ ಆಳುಗಳು ದೋಣಿಯ ಮೇಲೆ ಅಂಗಾತ ಮಲಗಿ, ಗೋಡೆಗೆ ಅಂಗಾಲು ಒತ್ತಿ, ಕತ್ತಲಲ್ಲಿ ಗೋಡೆಯ ಮೇಲೆ ನಡೆಯುವವರಂತೆ ಹೆಜ್ಜೆಹೆಜ್ಜೆಗೂ ದೋಣಿಯನ್ನು ಮುಂದಕ್ಕೆ ದೂಡಬೇಕಿತ್ತು. ಗೋಡೆ ಕಾಲಿಗೆ ಎಟುಕದ ಕಡೆ ದೋಣಿಯ ಅಂಚಿನಾಚೆ ಚಾಚಿದ ಹಲಗೆಗಳ ಮೇಲೆ ಮಲಗುತ್ತಿದ್ದರು. ಒಂದು ಬದಿಯ ದೋಣಿಗಳು ದಾಟುವವರೆಗೆ ಇನ್ನೊಂದು ಬದಿಯವು ಕಾಯಬೇಕು.

ಮುಂದಿನ ದಶಕಗಳಲ್ಲಿ ಉದ್ದ ಹೆಚ್ಚಿತು. 1789ರಲ್ಲಿ ಮುಗಿದ ಸ್ಯಾಪರ್ಟನ್ ಸುಮಾರು 3.5 ಕಿಲೋಮೀಟರ್ ಉದ್ದವಿತ್ತು. ದೊಡ್ಡ ದೋಣಿಗಳಿಗಾಗಿ ಅದನ್ನು ಅಗಲವಾಗಿಯೇ ಕೊರೆದಿದ್ದರು. ಅದರ ಕೋಟ್ಸ್ ಬದಿಯ ದ್ವಾರಕ್ಕೆ ಕಂಬ, ಗೂಡುಗಳ ಅಲಂಕಾರವೂ ಬಂತು. ಆದರೆ ಸಡಿಲ ನೆಲದಿಂದಾಗಿ ಸೋರಿಕೆ, ಕುಸಿತ ಅದನ್ನು ಬಿಡಲಿಲ್ಲ. ಪೆನ್ನೈನ್ ಬೆಟ್ಟಗಳಡಿಯ ಸ್ಟ್ಯಾಂಡೆಜ್ ಸುರಂಗಕ್ಕೆ 1794ರಿಂದ 1811ರವರೆಗೆ ಹದಿನೇಳು ವರ್ಷ ಹಿಡಿಯಿತು. ಇಂದಿಗೂ ಬ್ರಿಟನ್ನಿನ ಅತಿ ಉದ್ದದ ಕಾಲುವೆ ಸುರಂಗ ಅದೇ, ಸುಮಾರು ಐದು ಕಿಲೋಮೀಟರ್. ಬಂಡೆ ಗಟ್ಟಿಯಾಗಿದ್ದ ಕಡೆ ಇಟ್ಟಿಗೆ ಕಟ್ಟದೆ ಹಾಗೇ ಬಿಟ್ಟಿದ್ದಾರೆ. ಸರಕು ತುಂಬಿದ ದೋಣಿಯನ್ನು ಅಲ್ಲಿ ಕಾಲಿನಿಂದ ದೂಡಿ ದಾಟಿಸಲು ಸುಮಾರು ಮೂರು ಗಂಟೆ ಬೇಕಿತ್ತು. ಫ್ರಾನ್ಸಿನಲ್ಲಿ ನೆಪೋಲಿಯನ್ 1810ರಲ್ಲಿ ಉದ್ಘಾಟಿಸಿದ ರಿಕ್‌ವಾಲ್ ಸುರಂಗ 5,670 ಮೀಟರ್ ಉದ್ದ. 20ನೆಯ ಶತಮಾನದ ಆರಂಭದಿಂದ ಅಲ್ಲಿ ಕಾಲುವೆಯ ತಳಕ್ಕೆ ಹಾಸಿದ ಸರಪಳಿ ಹಿಡಿದು ಸಾಗುವ ವಿದ್ಯುತ್ ದೋಣಿ ಉಳಿದ ದೋಣಿಗಳನ್ನು ಸಾಲಾಗಿ ಎಳೆಯತೊಡಗಿತು. ವಿದ್ಯುತ್ತಿನಿಂದ ಓಡುವುದರಿಂದ ಎಂಜಿನ್ ಹೊಗೆಯ ಕಾಟ ಇರಲಿಲ್ಲ.

ಇಕ್ಕಟ್ಟಿನ ಪಾಠ ಹೇರ್‌ಕ್ಯಾಸಲ್‌ನಲ್ಲೇ ಫಲ ಕೊಟ್ಟಿತು. ಥಾಮಸ್ ಟೆಲ್ಫರ್ಡ್ 1824ರಿಂದ 1827ರೊಳಗೆ, ಬರೀ ಮೂರು ವರ್ಷದಲ್ಲಿ, ಹಳೆಯದರ ಪಕ್ಕದಲ್ಲೇ ಕುದುರೆದಾರಿಯಿರುವ ಎರಡನೆಯ ಸುರಂಗ ಕಟ್ಟಿದ. ಬಳಿಕ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವ ಏರ್ಪಾಡಾಯಿತು. 1858ರಲ್ಲಿ ತೆರೆದ ನೆದರ್‌ಟನ್ ಸುರಂಗ ಇನ್ನೂ ಮುಂದೆ ಹೋಯಿತು: ಎದುರುಬದುರು ದೋಣಿಗಳು ದಾಟುವಷ್ಟು ಅಗಲ, ಎರಡೂ ಬದಿ ಕುದುರೆದಾರಿ, ಒಳಗೆ ಗ್ಯಾಸ್ ದೀಪ. ಬ್ರಿಟನ್ನಿನ ಕಾಲುವೆ ಯುಗ ಕಟ್ಟಿದ ಕೊನೆಯ ಸುರಂಗ ಅದು. ಅಷ್ಟರಲ್ಲಿ ಸರಕು ರೈಲಿನ ಪಾಲಾಗತೊಡಗಿತ್ತು.

ಏಷ್ಯಾದಲ್ಲಿ ತಾನಾಬೆ ಸಾಕುರೊ ಕಟ್ಟಿ 1890ರಲ್ಲಿ ಪೂರ್ಣಗೊಂಡ ಜಪಾನಿನ ಬಿವಾ ಸರೋವರ ಕಾಲುವೆ ಸುರಂಗಗಳ ಮೂಲಕ ಕ್ಯೋಟೋಗೆ ದೋಣಿಗಳನ್ನೂ ನೀರನ್ನೂ ತಂದಿತು. ದಕ್ಷಿಣ ಭಾರತದಲ್ಲಿ ಸುರಂಗಗಳು ನೀರಾವರಿಗೆ ಒದಗಿದವು. 1895ರಲ್ಲಿ ಪೆರಿಯಾರ್ ನೀರು ಪಶ್ಚಿಮ ಘಟ್ಟವನ್ನು ತೂರಿ ವೈಗೈ ಕಡೆಗೆ ಹರಿಯಿತು. ಕೃಷ್ಣರಾಜಸಾಗರದಿಂದ ಮಂಡ್ಯದ ಗದ್ದೆಗಳಿಗೆ ನೀರೊಯ್ಯುವ ವಿಶ್ವೇಶ್ವರಯ್ಯ ನಾಲೆ, ಅಂದರೆ ಹಿಂದಿನ ಇರ್ವಿನ್ ನಾಲೆ, ಹುಲಿಕೆರೆ ಬಳಿ ಸುಮಾರು 2.8 ಕಿಲೋಮೀಟರ್ ಸುರಂಗದಲ್ಲಿ ಸಾಗುತ್ತದೆ. ದೋಣಿಯ ಹಂಗಿಲ್ಲದ ಇಂಥ ಸುರಂಗಗಳಲ್ಲಿ ಅಳತೆ ನಿರ್ಧಾರವಾಗುವುದು ಹರಿಯಬೇಕಾದ ನೀರಿನ ಪ್ರಮಾಣದಿಂದ, ಮತ್ತು ಇಳಿಜಾರಿನಿಂದ.

ಸಂಚಾರ ಸುರಂಗಗಳ ಪರಮಾವಧಿ ಮಾರ್ಸೇ ಬಳಿಯ ರೋವ್. 1927ರಲ್ಲಿ ತೆರೆದ ಇದರ ಉದ್ದ ಏಳು ಕಿಲೋಮೀಟರಿಗೂ ಹೆಚ್ಚು, ಅಗಲ 22 ಮೀಟರ್. 1963ರಲ್ಲಿ ಒಳಗೆ ಕುಸಿದು ಮುಚ್ಚಿತು. ಆಮೇಲೆ ಸಂಚಾರ ಮರಳಿ ಆರಂಭವಾಗಲಿಲ್ಲ. ಬ್ರಿಂಡ್ಲಿಯ ಸುರಂಗವೂ ಗಣಿಗಳ ಕಾರಣ ನೆಲ ಕುಸಿದು 20ನೆಯ ಶತಮಾನದ ಆರಂಭದಲ್ಲೇ ಮುಚ್ಚಿತ್ತು. ಟೆಲ್ಫರ್ಡನ ಸುರಂಗದಲ್ಲಿ ಕುದುರೆದಾರಿಯನ್ನು ಕಿತ್ತು ದೋಣಿಗಳಿಗೆ ಜಾಗ ಬಿಡಲಾಯಿತು. 1944ರಲ್ಲಿ ಮುಚ್ಚಿದ್ದ ಸ್ಟ್ಯಾಂಡೆಜ್ ದುರಸ್ತಿಯಾಗಿ 2001ರಲ್ಲಿ ಮತ್ತೆ ತೆರೆಯಿತು. ಇಂದು ತೆರೆದಿರುವ ಸಂಚಾರ ಸುರಂಗಗಳಲ್ಲಿ ಓಡಾಡುವುದು ಹೆಚ್ಚಾಗಿ ವಿಹಾರದ ದೋಣಿಗಳು.