ಹಳೆಯ ಪೀಠೋಪಕರಣಗಳ ನವೀಕರಣ

ಬಳಸಿ ಬಿಟ್ಟ ಮೇಜು, ಕುರ್ಚಿ, ಮಂಚ, ಬೀರುಗಳನ್ನು ಸಣ್ಣಪುಟ್ಟ ಮರಗೆಲಸದಿಂದಲೂ ಬಣ್ಣ ಅಥವಾ ಪಾಲಿಶ್‌ನಿಂದಲೂ ಮತ್ತೆ ಬಳಕೆಗೆ ತರುವ ಕಸುಬು. ಕರ್ನಾಟಕದ ಹಳೆಯ ಮನೆಗಳ ಸಾಗುವಾನಿ, ಬೀಟೆ ಸಾಮಾನು ಇದಕ್ಕೆ ಬಹಳ ಯೋಗ್ಯ. ದಶಕಗಳ ಕಾಲ ಒಣಗಿ ಹದಗೊಂಡ ಆ ಮರ ಸುಲಭಕ್ಕೆ ಬಾಗುವುದಿಲ್ಲ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮಾತ್ರ ದುರಸ್ತಿಗೆ ಒಗ್ಗದು.

ಕೆಲಸ ಕೀಲುಗಳಿಂದ ಶುರುವಾಗಬೇಕು. ಅಲುಗಾಡುವ ಕುರ್ಚಿಗೆ ಮೊಳೆ ಹೊಡೆಯುವುದು ಎಲ್ಲರೂ ಮಾಡುವ ತಪ್ಪು: ಮರ ಸೀಳುತ್ತದೆ, ಕೀಲು ಮತ್ತೆ ಸಡಿಲವಾಗುತ್ತದೆ. ಕೀಲು ಬಿಚ್ಚಿ, ಹಳೆಯ ಅಂಟು ಕೆರೆದು, ಹೊಸ ಅಂಟು ಹಚ್ಚಿ, ಕ್ಲಾಂಪ್ ಇಲ್ಲವೇ ಹಗ್ಗದಿಂದ ಬಿಗಿದು ಒಂದು ದಿನ ಬಿಡಬೇಕು. ಗೆದ್ದಲು ತಿಂದ ಭಾಗವನ್ನು ಕತ್ತರಿಸಿ ಅದೇ ಜಾತಿಯ ಮರದ ತುಂಡು ಕೂರಿಸುತ್ತಾರೆ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಭಾರತದಲ್ಲಿ ಮನೆಬಳಕೆಯ ಬಣ್ಣಗಳ ಸೀಸವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜದೆ ನೀರು ಹಾಕಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು. ಆಮೇಲೆ ಪ್ರೈಮರ್, ಅದರ ಮೇಲೆ ತೆಳುವಾಗಿ ಎರಡು ಕೈ ಬಣ್ಣ.

ಸಾಧಾರಣ ಮರಕ್ಕೆ ಬಣ್ಣ ಒಪ್ಪುತ್ತದೆ. ಬೀಟೆಯ ಕಪ್ಪು ಗೆರೆಗಳನ್ನು ಬಣ್ಣದಡಿ ಮುಚ್ಚುವುದು ಮರಕ್ಕೆ ಮಾಡುವ ಅನ್ಯಾಯ. ಅದಕ್ಕೆ ತಕ್ಕದ್ದು ಅರಗಿನ ಪಾಲಿಶ್. ಅರಗಿನ ಹುಳು ಸ್ರವಿಸುವ ರಾಳದಿಂದ ತಯಾರಾದ ಶೆಲ್ಯಾಕ್ ಅನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯುಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಹಲವು ತೆಳು ಪದರಗಳಾಗಿ ತಿಕ್ಕುತ್ತಾರೆ. ಬಿಸಿ ಲೋಟ ಇಟ್ಟರೆ ಬಿಳಿ ಕಲೆ ಬೀಳುತ್ತದೆ ನಿಜ. ಆದರೆ ಹೊಸ ಪದರ ಹಳೆಯದನ್ನು ಕರಗಿಸಿ ಅದರೊಂದಿಗೆ ಬೆರೆಯುವುದರಿಂದ, ಕಲೆಯಾದಷ್ಟೇ ಜಾಗವನ್ನು ಸರಿಪಡಿಸಬಹುದು.